ವೈ-ಫೈ ಸಂಪರ್ಕ ಮತ್ತು ಲಾಗಿನ್ ತೊಂದರೆಗಳು: ಹೊಸಪೇಟೆ, ಹಂಪಿ ಕಡೆ ಹೊರಡುವ ಸದಸ್ಯರಿಗೆ ಕೆಲವು ಸೂಚನೆಗಳು

ಕೊಯ್ಲು ಮುಗಿದು, ಕಾಫಿ ಕಣದಿಂದ ಎದ್ದು, ಅಡಿಕೆ ಮಂಡಿ ಸೇರಿದ ಮೇಲೆ ನಮ್ಮ ಸದಸ್ಯರಲ್ಲಿ ಅನೇಕರು ಕುಟುಂಬ ಸಮೇತ ಪ್ರವಾಸ ಹೊರಡುವುದು ವಾಡಿಕೆ. ಮಲೆನಾಡಿನಲ್ಲಿ ಬಿದ್ದ ಮಳೆ ತುಂಗೆ, ಭದ್ರೆಯರಾಗಿ ಹರಿದು, ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಅಣೆಕಟ್ಟಿನಲ್ಲಿ ನಿಲ್ಲುತ್ತದೆ. ಪ್ರವಾಸದ ದಾರಿಯೂ ಹೆಚ್ಚಾಗಿ ಆ ಕಡೆಗೇ. ಹೊಸಪೇಟೆಯಲ್ಲಿ ವಸತಿ, ಹಂಪಿಯಲ್ಲಿ ವಿರೂಪಾಕ್ಷನ ದರ್ಶನ, ಸಂಡೂರಿನ ಕುಮಾರಸ್ವಾಮಿ ಬೆಟ್ಟ, ಕಂಪ್ಲಿಯಲ್ಲಿ ನೆಂಟರಿದ್ದರೆ ಅಲ್ಲಿ ಒಂದು ದಿನ.

ಆದರೆ ತೋಟ ಬಿಟ್ಟು ಹೊರಟರೂ ತೋಟದ ಕೆಲಸ ಬೆನ್ನು ಬಿಡುವುದಿಲ್ಲ. ಶನಿವಾರದ ಬಟವಾಡೆ ಆಗಲೇಬೇಕು. ಶೂನ್ಯ ಬಡ್ಡಿಯ ಬೆಳೆ ಸಾಲವನ್ನು ವಾಯಿದೆಯೊಳಗೆ ಕಟ್ಟದಿದ್ದರೆ ಬಡ್ಡಿ ರಿಯಾಯಿತಿ ಕೈತಪ್ಪುತ್ತದೆ. ಇವೆಲ್ಲ ಈಗ ಫೋನಿನಲ್ಲೇ ನಡೆಯುವ ವ್ಯವಹಾರಗಳಾದ್ದರಿಂದ, ಪರಸ್ಥಳದಲ್ಲಿ ವೈ-ಫೈ ಕೈಕೊಟ್ಟಿತೆಂದರೆ ಸಂಘದ ಕಚೇರಿಗೆ ಕರೆ ಬರುತ್ತದೆ. ಕರೆ ಮಾಡಿದವರೆಲ್ಲ ಹೇಳುವ ಮಾತು ಒಂದೇ: “ವೈ-ಫೈ ಇದೆ, ಆದರೆ ಲಾಗಿನ್ ಆಗುತ್ತಿಲ್ಲ.” ಈ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ತೊಂದರೆಗಳು ಅಡಗಿವೆ. ಅವನ್ನು ಬಿಡಿಸಿ ನೋಡಿದರೆ ಪರಿಹಾರ ಬಹುಮಟ್ಟಿಗೆ ಸುಲಭ.

ಮೂರು ಬಾಗಿಲುಗಳು

ತೋಟದ ಮನೆಯೊಳಗಿನ ಪೆಟ್ಟಿಗೆಯಿಂದ ಹಣ ತೆಗೆಯಬೇಕಾದರೆ ಮೊದಲು ದಣಪೆ ದಾಟಬೇಕು, ಅನಂತರ ಮನೆಯ ಬಾಗಿಲು ತೆರೆಯಬೇಕು, ಕೊನೆಗೆ ಪೆಟ್ಟಿಗೆಯ ಬೀಗ ತೆಗೆಯಬೇಕು. ವೈ-ಫೈ ವ್ಯವಹಾರವೂ ಹಾಗೆಯೇ.

ಮೊದಲನೆಯದು ವೈ-ಫೈ ಪೆಟ್ಟಿಗೆ, ಅಂದರೆ ರೂಟರಿನ ಪಾಸ್‌ವರ್ಡ್. ಇದು ಸರಿಯಾದರೆ ನಮ್ಮ ಸಾಧನ ರೂಟರಿಗೆ ಸೇರುತ್ತದೆ, ಅಷ್ಟೇ. ಎರಡನೆಯದು ವಸತಿಗೃಹ ಅಥವಾ ರೈಲ್ವೆ ನಿಲ್ದಾಣದವರು ಇಟ್ಟಿರುವ ಪ್ರವೇಶ ಪುಟ. ಮೊಬೈಲ್ ಸಂಖ್ಯೆ, ಓಟಿಪಿ ಅಥವಾ ಕೊಠಡಿ ಸಂಖ್ಯೆ ಕೊಟ್ಟ ಮೇಲಷ್ಟೇ ಅದು ಇಂಟರ್‌ನೆಟ್‌ಗೆ ದಾರಿ ಬಿಡುತ್ತದೆ. ಮೂರನೆಯದು ಬ್ಯಾಂಕು, ಯುಪಿಐ, ಸರ್ಕಾರಿ ಸೇವೆ ಮೊದಲಾದವುಗಳ ಲಾಗಿನ್. ಇದಕ್ಕೂ ವೈ-ಫೈಗೂ ಸಂಬಂಧವೇ ಇಲ್ಲ.

ಯಾವ ಬಾಗಿಲಲ್ಲಿ ನಿಂತಿದ್ದೇವೆಂದು ತಿಳಿಯುವ ಬಗೆ ಹೀಗೆ. ಫೋನಿನ ಮೇಲ್ಭಾಗದಲ್ಲಿ ವೈ-ಫೈ ಗುರುತೇ ಮೂಡದಿದ್ದರೆ ತೊಂದರೆ ಮೊದಲ ಬಾಗಿಲಿನದು. ಗುರುತು ಮೂಡಿಯೂ “ಇಂಟರ್‌ನೆಟ್ ಇಲ್ಲ” ಎಂದು ತೋರಿಸಿದರೆ ಎರಡನೆಯದು, ಇಲ್ಲವೇ ಹೊರಗಿನ ಲೈನೇ ಕೆಟ್ಟಿದೆ. ದಿನಪತ್ರಿಕೆಯ ಪುಟ ಸಲೀಸಾಗಿ ತೆರೆದು ಬ್ಯಾಂಕಿನ ಪುಟ ಮಾತ್ರ ಒಳಗೆ ಬಿಡದಿದ್ದರೆ ಅದು ಮೂರನೆಯ ಬಾಗಿಲು. ಆಗ ರೂಟರನ್ನು ಎಷ್ಟು ಸಲ ಆರಿಸಿ ಹಾಕಿದರೂ ಪ್ರಯೋಜನವಿಲ್ಲ.

ಮೊದಲ ಬಾಗಿಲು: ಸಾಧನವನ್ನು ರೂಟರಿಗೆ ಸೇರಿಸುವುದು

ಆಂಡ್ರಾಯ್ಡ್ ಫೋನ್, ಐಫೋನ್ ಎರಡರಲ್ಲೂ ಸೆಟ್ಟಿಂಗ್ಸ್‌ನೊಳಗೆ ವೈ-ಫೈ ತೆರೆದು, ಹೆಸರಿನ ಮೇಲೆ ಒತ್ತಿ, ಪಾಸ್‌ವರ್ಡ್ ತುಂಬಬೇಕು. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಪರದೆಯ ಕೆಳಗೆ ಬಲಮೂಲೆಯ ವೈ-ಫೈ ಗುರುತನ್ನು ಒತ್ತಿದರೆ ಹೆಸರುಗಳ ಪಟ್ಟಿ ಬರುತ್ತದೆ. ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳು ಬೇರೆ ಬೇರೆ. ಸೊನ್ನೆಯೂ ಓ ಅಕ್ಷರವೂ ಒಂದೇ ಅಲ್ಲ. ಮನೆ ಮತ್ತು ಲಾಡ್ಜುಗಳ ಸಾಮಾನ್ಯ ರೂಟರಿನಲ್ಲಿ ಪಾಸ್‌ವರ್ಡ್ 8 ಅಕ್ಷರಕ್ಕಿಂತ ಕಡಿಮೆ ಇರಲಾರದು. ಬರೆದುಕೊಟ್ಟ ಚೀಟಿಯಲ್ಲಿ 7 ಅಕ್ಷರವಿದ್ದರೆ ಬರೆದವರೇ ಒಂದನ್ನು ಬಿಟ್ಟಿದ್ದಾರೆಂದು ತಿಳಿಯಬೇಕು.

2. ಹಿಂದಿನ ಸಲ ಬಂದಾಗ ಸೇರಿಸಿದ್ದ ವೈ-ಫೈ ಈಗ ಸೇರದಿದ್ದರೆ, ಮಧ್ಯೆ ಪಾಸ್‌ವರ್ಡ್ ಬದಲಾಗಿರುತ್ತದೆ. ಫೋನು ಹಳೆಯದನ್ನೇ ಹಿಡಿದುಕೊಂಡಿರುತ್ತದೆ. ಆ ಹೆಸರನ್ನು ಒತ್ತಿ “ಫರ್ಗೆಟ್” ಕೊಟ್ಟು, ಹೊಸದಾಗಿ ತುಂಬಬೇಕು.

3. ಮನೆಯಲ್ಲಿ ಒಬ್ಬರ ಫೋನು ಸೇರಿದ್ದರೆ ಉಳಿದವರು ಪಾಸ್‌ವರ್ಡ್ ಬರೆಯುವ ಶ್ರಮವೇ ಬೇಡ. ಈಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಆ ವೈ-ಫೈ ಹೆಸರಿನ ಕೆಳಗೆ “ಶೇರ್” ಒತ್ತಿದರೆ ಕ್ಯೂಆರ್ ಚಿತ್ರ ಮೂಡುತ್ತದೆ. ಇತರರು ಕ್ಯಾಮೆರಾ ಹಿಡಿದರೆ ಸಾಕು. ಕಣ್ಣು ಮಂದವಾದ ಹಿರಿಯರಿಗೆ ಇದು ಬಹಳ ಅನುಕೂಲ.

4. ಕೆಲವು ರೂಟರುಗಳು ಎರಡು ಹೆಸರು ತೋರಿಸುತ್ತವೆ. ಒಂದರ ಕೊನೆಯಲ್ಲಿ 5ಜಿ ಎಂದಿರುತ್ತದೆ. ಇದು ಮೊಬೈಲ್ ಕಂಪೆನಿಯ 5ಜಿ ಅಲ್ಲ. 5 ಗಿಗಾಹರ್ಟ್ಸ್ ತರಂಗ. ಇದಕ್ಕೆ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. 2.4 ಗಿಗಾಹರ್ಟ್ಸ್ ತರಂಗ ನಿಧಾನವಾದರೂ ದೂರ ಹೋಗುತ್ತದೆ. ಹಂಪಿ, ಕಮಲಾಪುರದ ಕಡೆ ದಪ್ಪ ಕಲ್ಲಿನ ಗೋಡೆಗಳಿರುವ ಮನೆಯಲ್ಲಿ ಉಳಿದವರು ಎರಡನೆಯದನ್ನೇ ಹಿಡಿಯುವುದು ಲೇಸು. ಮನೆಯಲ್ಲಿ ಬಳಸುವ ಅಗ್ಗದ ಕ್ಯಾಮೆರಾ, ಸ್ಮಾರ್ಟ್ ಪ್ಲಗ್ ಮುಂತಾದವುಗಳಲ್ಲಿ ಹಲವು 2.4ಕ್ಕೆ ಮಾತ್ರ ಸೇರುತ್ತವೆ. ಹೊಸ ಕ್ಯಾಮೆರಾ ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸುವ ಮೊದಲು ಇದನ್ನು ನೋಡಬೇಕು.

5. ಪಾಸ್‌ವರ್ಡ್ ಸರಿಯಿದ್ದೂ “ಐಪಿ ವಿಳಾಸ ಪಡೆಯಲಾಗುತ್ತಿದೆ” ಎಂಬಲ್ಲೇ ಫೋನು ನಿಂತಿದೆಯೋ? ರೂಟರು ತನಗೆ ಸೇರಿದ ಪ್ರತಿ ಸಾಧನಕ್ಕೂ ಒಂದು ಸಂಖ್ಯೆ ಹಂಚುತ್ತದೆ. ಉತ್ಸವದ ದಿನಗಳಲ್ಲಿ ಸಣ್ಣ ಲಾಡ್ಜಿನಲ್ಲಿ ಜನ ತುಂಬಿ, ಹಂಚುವ ಸಂಖ್ಯೆಗಳು ತೀರಿಹೋಗಿರಬಹುದು. ಹಿಂದಿನ ವಾರ ಬಂದುಹೋದವರ ಹೆಸರಿನಲ್ಲಿ ಸಂಖ್ಯೆಗಳು ಉಳಿದಿರಲೂಬಹುದು. ಲಾಡ್ಜಿನವರಿಗೆ ಹೇಳಿ ರೂಟರನ್ನು ಅರ್ಧ ನಿಮಿಷ ಆರಿಸಿ ಹಾಕಿಸಿದರೆ ಬಹಳ ಸಲ ಸರಿಹೋಗುತ್ತದೆ.

ಎರಡನೆಯ ಬಾಗಿಲು: ಪ್ರವೇಶ ಪುಟ

ಇದರ ಸ್ಪಷ್ಟ ಉದಾಹರಣೆ ರೈಲ್ವೆ ನಿಲ್ದಾಣ. ರೈಲ್ವೆ ಇಲಾಖೆಯ ರೈಲ್‌ಟೆಲ್ ಸಂಸ್ಥೆಯು ಗೂಗಲ್ ಕಂಪೆನಿಯ ಸಹಯೋಗದಲ್ಲಿ 2016ರ ಜನವರಿಯಲ್ಲಿ ಮುಂಬಯಿ ಸೆಂಟ್ರಲ್‌ನಲ್ಲಿ ಉಚಿತ ವೈ-ಫೈ ಆರಂಭಿಸಿತು. 2018ರ ವೇಳೆಗೆ ಇದು 400 ನಿಲ್ದಾಣಗಳನ್ನು ಮುಟ್ಟಿತು. 2020ರಲ್ಲಿ ಗೂಗಲ್ ಹಿಂದೆ ಸರಿದರೂ ರೈಲ್‌ಟೆಲ್ ಸೇವೆಯನ್ನು ಮುಂದುವರಿಸಿ, ದೇಶದ 6,000ಕ್ಕೂ ಹೆಚ್ಚು ನಿಲ್ದಾಣಗಳಿಗೆ ವಿಸ್ತರಿಸಿದೆ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬಂದು ಹೊಸಪೇಟೆ ಜಂಕ್ಷನ್‌ನಲ್ಲಿ ಇಳಿಯುವವರು ಬಳಸಬೇಕಾದ ಹೆಸರು “ರೈಲ್‌ವೈರ್”.

ಇದಕ್ಕೆ ಮೊದಲ ಬಾಗಿಲಿನ ಪಾಸ್‌ವರ್ಡ್ ಇಲ್ಲ. ಹೆಸರು ಒತ್ತಿದೊಡನೆ ಸೇರುತ್ತದೆ. ಆದರೆ ಇಂಟರ್‌ನೆಟ್ ಬರುವುದಿಲ್ಲ. ತಾನಾಗಿ ತೆರೆಯುವ ಪುಟದಲ್ಲಿ ಮೊಬೈಲ್ ಸಂಖ್ಯೆ ಕೊಟ್ಟು, ಬಂದ ಓಟಿಪಿ ತುಂಬಿದರೆ ದಿನಕ್ಕೆ ಮೊದಲ 30 ನಿಮಿಷ ಉಚಿತ. ಲ್ಯಾಪ್‌ಟಾಪಿಗಾದರೂ ಓಟಿಪಿ ಬರುವುದು ಫೋನಿಗೇ. ಸಾರ್ವಜನಿಕ ವೈ-ಫೈ ಕೊಡುವವರು ಬಳಸುವವರು ಯಾರೆಂದು ತಿಳಿದಿರಬೇಕೆಂಬ ಸರ್ಕಾರದ ನಿಯಮವೇ ಈ ಓಟಿಪಿಗೆ ಕಾರಣ. ಭಾರತದ ಸಿಮ್ ಇಲ್ಲದ ವಿದೇಶೀ ಪ್ರವಾಸಿಗಳು ಇಂಥ ಕಡೆ ಪೇಚಾಡುವುದೂ ಇದರಿಂದಲೇ. ವಿದೇಶದಿಂದ ಬಂದ ಮಗ, ಸೊಸೆ ಜೊತೆಯಲ್ಲಿದ್ದರೆ ನಮ್ಮ ಫೋನಿನ ಹಾಟ್‌ಸ್ಪಾಟ್ ತೆರೆದುಕೊಡುವುದು ಸುಲಭ ಮಾರ್ಗ.

ಪ್ರವೇಶ ಪುಟ ತಾನಾಗಿ ತೆರೆಯದಿರುವುದು ಸಾಮಾನ್ಯ ದೂರು. ಆಗ ಕ್ರಮವಾಗಿ ಹೀಗೆ ಮಾಡಬೇಕು. ಫೋನಿನ ಮೊಬೈಲ್ ಡೇಟಾ ತಾತ್ಕಾಲಿಕವಾಗಿ ಆರಿಸಬೇಕು. ಇಲ್ಲದಿದ್ದರೆ ಫೋನು ವೈ-ಫೈ ಬಿಟ್ಟು ಡೇಟಾ ಕಡೆಗೇ ಹೋಗುತ್ತದೆ. ವಿಪಿಎನ್ ಅಥವಾ “ಪ್ರೈವೇಟ್ ಡಿಎನ್‌ಎಸ್” ಹಾಕಿದ್ದರೆ ತೆಗೆಯಬೇಕು. ಆಮೇಲೆ ಬ್ರೌಸರ್ ತೆರೆದು ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ಎಂಬ ವಿಳಾಸ ಕೊಟ್ಟು ನೋಡಬೇಕು. ಬ್ಯಾಂಕು, ಪತ್ರಿಕೆಗಳ ಪುಟಗಳು ಭದ್ರತೆಯ ಬೀಗ ಹಾಕಿದವಾದ್ದರಿಂದ ಪ್ರವೇಶ ಪುಟ ಅವುಗಳ ನಡುವೆ ನುಸುಳಲಾರದು. ಈ ಪುಟಕ್ಕೆ ಬೀಗವಿಲ್ಲ.

ಲಾಡ್ಜಿನ ಟಿವಿಗೆ ಕಡ್ಡಿ ಸಿಕ್ಕಿಸಿ ಸಿನಿಮಾ ನೋಡಬೇಕೆಂಬ ಮಕ್ಕಳ ಆಸೆ ಕೆಲವೊಮ್ಮೆ ಈ ಬಾಗಿಲಲ್ಲೇ ನಿಲ್ಲುತ್ತದೆ. ಪ್ರವೇಶ ಪುಟ ತೆರೆಯಲು ಬಾರದ ಟಿವಿಗಳಿಗೂ ಫೋನಿನ ಹಾಟ್‌ಸ್ಪಾಟೇ ಗತಿ. ಆ ಟಿವಿಯಲ್ಲಿ ನಮ್ಮ ಗೂಗಲ್ ಖಾತೆ ತೆರೆದಿದ್ದರೆ ಕೊಠಡಿ ಬಿಡುವಾಗ ತಪ್ಪದೆ ಸೈನ್ ಔಟ್ ಮಾಡಬೇಕು.

ಮೂರನೆಯ ಬಾಗಿಲು: ಸೇವೆಗಳ ಲಾಗಿನ್

ಇಲ್ಲಿಯ ತೊಂದರೆಗಳ ಮೂಲ ಬಹುಪಾಲು ಓಟಿಪಿ. ಬ್ಯಾಂಕಿನ ಓಟಿಪಿ ಬರುವುದು ಸಿಮ್‌ಗೆ, ಮೊಬೈಲ್ ಸಿಗ್ನಲ್ ಮೂಲಕ. ಸಂಡೂರು ಬೆಟ್ಟಗಳ ನಡುವಿನ ಕಣಿವೆಯೊಳಗಾಗಲಿ, ಹಂಪಿಯ ಬಂಡೆಗಳ ಮರೆಯಲ್ಲಾಗಲಿ ಸಿಗ್ನಲ್ ಬೀಳದಿದ್ದರೆ, ವೈ-ಫೈ ಎಷ್ಟೇ ಚೆನ್ನಾಗಿದ್ದರೂ ಓಟಿಪಿ ಬಾರದಿರಬಹುದು. ಓಟಿಪಿಗೆ ಅಲ್ಪಾವಧಿಯಷ್ಟೇ ಆಯುಸ್ಸು. ಮತ್ತೆ ಮತ್ತೆ ಕೇಳಿದರೆ ಹಳೆಯದು ರದ್ದಾಗಿ ಗೊಂದಲವಾಗುತ್ತದೆ. ಮೊದಲು ಬಯಲಿಗೆ ಬಂದು ಸಿಗ್ನಲ್ ನೋಡಿ, ಆಮೇಲೆ ಒಂದೇ ಸಲ ಕೇಳುವುದು ಸರಿ.

ಯುಪಿಐ ವಿಷಯದಲ್ಲಿ ಇನ್ನೊಂದು ಮಾತು. ಹೊಸ ಫೋನಿನಲ್ಲಿ ಯುಪಿಐ ಆರಂಭಿಸುವಾಗ ಆ ಫೋನಿನೊಳಗಿನ ಸಿಮ್‌ನಿಂದಲೇ ಒಂದು ಎಸ್‌ಎಂಎಸ್ ಹೊರಗೆ ಹೋಗಬೇಕು. ಬ್ಯಾಂಕಿನಲ್ಲಿ ಕೊಟ್ಟ ಸಂಖ್ಯೆಯ ಸಿಮ್ ಮನೆಯ ಹಳೆಯ ಫೋನಿನಲ್ಲೇ ಉಳಿದಿದ್ದರೆ ಪರಸ್ಥಳದಲ್ಲಿ ಏನೂ ಮಾಡುವಂತಿಲ್ಲ. ಗೂಗಲ್ ಖಾತೆಯೂ ಹೀಗೆ: ಹೊಸ ಟ್ಯಾಬಿನಲ್ಲಿ ತೆರೆಯ ಹೊರಟರೆ “ನೀವೇ ಹೌದೇ?” ಎಂಬ ಪ್ರಶ್ನೆ ಮನೆಯಲ್ಲಿ ಬಿಟ್ಟುಬಂದ ಫೋನಿಗೆ ಹೋಗಬಹುದು.

ಪಾಸ್‌ವರ್ಡ್ ನೆನಪಾಗದಿದ್ದರೆ ಊಹೆಯ ಮೇಲೆ ನಾಲ್ಕಾರು ಸಲ ಒತ್ತಬಾರದು. ಹಲವು ಬಾರಿ ತಪ್ಪಿದರೆ ಬ್ಯಾಂಕು ಖಾತೆಯ ಲಾಗಿನ್ ಮುಚ್ಚಿಬಿಡುತ್ತದೆ. ಎರಡು ಸಲ ತಪ್ಪಿದೊಡನೆ “ಪಾಸ್‌ವರ್ಡ್ ಮರೆತಿದೆ” ಎಂಬುದನ್ನು ಬಳಸುವುದು ಕ್ಷೇಮ. ಫೋನು, ಲ್ಯಾಪ್‌ಟಾಪಿನ ದಿನಾಂಕ ಅಥವಾ ಗಡಿಯಾರ ತಪ್ಪಾಗಿದ್ದರೂ ಭದ್ರತೆಯ ಪುಟಗಳು ತೆರೆಯುವುದಿಲ್ಲ. ಬಹುಕಾಲ ಆರಿಸಿಟ್ಟ ಲ್ಯಾಪ್‌ಟಾಪಿನಲ್ಲಿ ಇದನ್ನು ಮೊದಲು ನೋಡಬೇಕು.

ಕಂಪ್ಲಿ, ಹೊಸಪೇಟೆ ಕಡೆಯ ನೆಂಟರಿಗೆ ಅರ್ಜಿ ತುಂಬಿಕೊಡುವ ಸದಸ್ಯರಿಗೆ ಒಂದು ಸೂಚನೆ. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಂದಿನಿಂದ ಹೊಸಪೇಟೆ, ಹಂಪಿ ಆ ಜಿಲ್ಲೆಗೆ ಸೇರಿವೆ. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದಿವೆ. ಊರಿನ ಇಂಗ್ಲಿಷ್ ಹೆಸರು 2014ರಲ್ಲಿ ಹಾಸ್ಪೆಟ್‌ನಿಂದ ಹೊಸಪೇಟೆಯಾಯಿತು. ಪಟ್ಟಿಯಲ್ಲಿ ಊರು ಕಾಣದಿದ್ದರೆ ಇನ್ನೊಂದು ಜಿಲ್ಲೆ, ಇನ್ನೊಂದು ಕಾಗುಣಿತದಲ್ಲಿ ಹುಡುಕಬೇಕು.

ಹಣದ ವಿಷಯದಲ್ಲಿ ಎಚ್ಚರ

ವೈ-ಫೈಗೆ ಯಾರು ಯಾವ ಹೆಸರನ್ನಾದರೂ ಇಡಬಹುದು. ಲಾಡ್ಜಿನ ಹೆಸರಿನಲ್ಲೇ ಪಕ್ಕದಲ್ಲಿ ಇನ್ನೊಬ್ಬರು ಬಲೆ ಬೀಸಿದ್ದರೆ ಫೋನಿಗೆ ವ್ಯತ್ಯಾಸ ತಿಳಿಯದು. ಆದುದರಿಂದ ಹೆಸರನ್ನು ಕೌಂಟರಿನಲ್ಲಿ ಕೇಳಿಯೇ ಸೇರಬೇಕು. ಉಚಿತ ವೈ-ಫೈ ಕೊಡಲು ಯಾರಿಗೂ ನಮ್ಮ ಯುಪಿಐ ಪಿನ್ ಆಗಲಿ, ಎಟಿಎಂ ಕಾರ್ಡಿನ ಸಂಖ್ಯೆಯಾಗಲಿ, ಆಧಾರ್ ಓಟಿಪಿಯಾಗಲಿ ಬೇಕಿಲ್ಲ. ಕೇಳಿದರೆ ಅದು ಮೋಸವೆಂದೇ ತಿಳಿಯತಕ್ಕದ್ದು. ಬಟವಾಡೆಯ ಹಣ, ಸಾಲದ ಕಂತು ಮುಂತಾದವನ್ನು ಸಾರ್ವಜನಿಕ ವೈ-ಫೈ ಆರಿಸಿ, ಸ್ವಂತ ಮೊಬೈಲ್ ಡೇಟಾದಲ್ಲೇ ಕಳಿಸುವುದು ಉತ್ತಮ. ಅದಕ್ಕೆ ತಗಲುವ ಡೇಟಾ ಅತ್ಯಲ್ಪ. ಹಣ ಹೋಯಿತೆಂದು ಸಂಶಯ ಬಂದ ಕ್ಷಣವೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು. ತಡ ಮಾಡಿದಷ್ಟೂ ಹಣ ಕೈಯಿಂದ ಕೈಗೆ ದಾಟಿಹೋಗುತ್ತದೆ.

ಹೊರಡುವ ಮುನ್ನ

ಮನೆಯಲ್ಲಿ ಒಂದು ಗಂಟೆ ಕುಳಿತರೆ ಇವುಗಳಲ್ಲಿ ಮುಕ್ಕಾಲು ಪಾಲು ತೊಂದರೆ ಬಾರದಂತೆ ನೋಡಿಕೊಳ್ಳಬಹುದು. ಬ್ಯಾಂಕಿನ ಮತ್ತು ಆಧಾರಿನ ಸಂಖ್ಯೆಯ ಸಿಮ್ ಜೊತೆಯಲ್ಲಿದೆಯೇ, ರೀಚಾರ್ಜ್ ಆಗಿದೆಯೇ ನೋಡಿಕೊಳ್ಳಿ. ಜೊತೆಗೆ ಒಯ್ಯುವ ಪ್ರತಿ ಸಾಧನದಲ್ಲೂ ಬ್ಯಾಂಕು, ಯುಪಿಐ, ಗೂಗಲ್ ಖಾತೆಗಳನ್ನು ಮನೆಯಲ್ಲೇ ಒಮ್ಮೆ ತೆರೆದು ಪರೀಕ್ಷಿಸಿ. ಪ್ರವಾಸದ ಅವಧಿಯೊಳಗೆ ಸಾಲದ ವಾಯಿದೆ ಬೀಳುವಂತಿದ್ದರೆ ಹೊರಡುವ ಮೊದಲೇ ಕಟ್ಟಿಬಿಡಿ. ಒಂದು ವಾರದ ಬಟವಾಡೆಯ ನಗದನ್ನು ತೋಟದ ರೈಟರ ಬಳಿಯೋ ಮನೆಯ ಹಿರಿಯರ ಬಳಿಯೋ ಕೊಟ್ಟು ಹೋಗುವ ಹಳೆಯ ಪದ್ಧತಿ ಇಂದಿಗೂ ಒಳ್ಳೆಯದೇ. ನಮ್ಮ ಫೋನು ಕೈಕೊಟ್ಟಿತೆಂಬ ಕಾರಣಕ್ಕೆ ಆಳುಗಳು ಸಂತೆಯ ದಿನ ಬರಿಗೈಯಲ್ಲಿ ನಿಲ್ಲಬಾರದು.

ಇಷ್ಟಾದ ಮೇಲೂ ತೊಂದರೆ ಬಂದರೆ ಸಂಘದ ಕಚೇರಿಗೆ ಕರೆ ಮಾಡಬಹುದು. ಕರೆ ಮಾಡುವಾಗ “ವೈ-ಫೈ ಆಗುತ್ತಿಲ್ಲ” ಎನ್ನುವ ಬದಲು ಎಷ್ಟನೆಯ ಬಾಗಿಲಲ್ಲಿ ನಿಂತಿದ್ದೀರೆಂದು ತಿಳಿಸಬೇಕಾಗಿ ವಿನಂತಿ.

— ಕಾರ್ಯದರ್ಶಿ