ಪುಸ್ತಕದಲ್ಲಿ ಬರೆಯದ ಬಡ್ಡಿ

ನಮ್ಮ ಬೀದಿಯ ದಿನಸಿ ಅಂಗಡಿಯಿಂದ ತಂದ ಅರ್ಧ ಕಿಲೋ ತೊಗರಿಬೇಳೆಯಲ್ಲಿ ಹುಳುಗಳಿದ್ದವು. ಮರುದಿನ ಬೆಳಿಗ್ಗೆಯೇ ಪೊಟ್ಟಣ ಹಿಡಿದು ಅಂಗಡಿಗೆ ಹೋದೆ. ಮಾಲೀಕರು ಗಲ್ಲಾಪೆಟ್ಟಿಗೆಯಿಂದ ತಲೆ ಎತ್ತದೆಯೇ, ‘ಬೋಣಿ ಹೊತ್ತಿನಲ್ಲಿ ಏನು ಸಾರ್ ಇದು? ನಿನ್ನೆ ನೋಡಿ ತಗೋಬೇಕಿತ್ತು’ ಎಂದರು. ನಾನೂ ಸ್ವಲ್ಪ ದನಿ ಏರಿಸಿದೆ. ಕೊನೆಗೆ ಗೊಣಗುತ್ತಲೇ ಬೇರೆ ಬೇಳೆ ತೂಗಿ ಕೊಟ್ಟರು. ಪಕ್ಕದಲ್ಲೇ ನಿಂತಿದ್ದ, ನಾಲ್ಕಾರು ಮನೆಗಳಲ್ಲಿ ಪಾತ್ರೆ ತೊಳೆದು ಬದುಕುವ ಹೆಂಗಸೊಬ್ಬರು ಹೊರಗೆ ಬಂದ ಮೇಲೆ ಮೆಲ್ಲಗೆ ಹೇಳಿದರು: ‘ನಂಗೂ ಅದೇ ಬೇಳೆ ಕೊಟ್ಟಿದ್ದು ಸಾರ್. ಕೇರಿ, ಆರಿಸಿ, ಬೇಯಿಸಿಕೊಂಡೆ. ಪುಸ್ತಕದಲ್ಲಿ ಬಾಕಿ ಇರೋವಾಗ ಏನಂತ ಕೇಳಲಿ?’

ಆ ಮಾತು ಬಹಳ ದಿನ ಕಾಡಿತು. ಅಂಗಡಿಯೊಂದೇ, ಮೂಟೆಯೊಂದೇ, ಹುಳುವೂ ಒಂದೇ. ಆದರೆ ನಗದು ಕೊಟ್ಟವನಿಗೆ ಬಾಯಿ ಇತ್ತು, ಸಾಲ ಹೇಳಿದವರಿಗೆ ಇರಲಿಲ್ಲ.

ಗಿರಾಕಿಯ ಗೋಳು ಇಂದಿನದಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ತಾಳೆಗರಿಗಳಿಂದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ಹೊರತೆಗೆದು 1909ರಲ್ಲಿ ಪ್ರಕಟಿಸಿದ್ದು ಎಲ್ಲರಿಗೂ ತಿಳಿದದ್ದೇ. ಅದರಲ್ಲಿ ‘ಕಂಟಕಶೋಧನ’ ಎಂಬ ಭಾಗವಿದೆ. ಅಂದರೆ ಸಮಾಜಕ್ಕೆ ಚುಚ್ಚುವ ಮುಳ್ಳುಗಳನ್ನು ಕೀಳುವುದು. ವರ್ತಕರ ಮೋಸದಿಂದ ಜನರನ್ನು ಕಾಪಾಡುವ ಅಧ್ಯಾಯ ಇರುವುದು ಅಲ್ಲಿಯೇ. ತೂಕದಲ್ಲಿ, ಅಳತೆಯಲ್ಲಿ ಮೋಸ ಮಾಡಿದವನಿಗೆ ದಂಡ. ಕೀಳು ಸರಕನ್ನು ಒಳ್ಳೆಯದೆಂದು ಮಾರಿದವನಿಗೂ ದಂಡ. ತಕ್ಕಡಿಗಳನ್ನು ಪರೀಕ್ಷಿಸಲು ‘ಸಂಸ್ಥಾಧ್ಯಕ್ಷ’ನೆಂಬ ಅಧಿಕಾರಿ ಬೇರೆ.

ರಾಜದಂಡದ ಜೊತೆಗೆ ನಮ್ಮಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ತೂಗಿ ಆದ ಮೇಲೆ ಅಂಗಡಿಯವನು ಪ್ರೀತಿಗೆಂದು ಹಾಕುವ ಒಂದು ಹಿಡಿ, ಅದೇ ಕೊಸರು. ‘ಗ್ರಾಹಕ ಸೇವೆ’ ಎಂಬ ಮಾತು ಹುಟ್ಟುವ ಮೊದಲು ಸೇವೆಗೆ ನಮ್ಮಲ್ಲಿದ್ದ ಹೆಸರು ಕೊಸರು ಎಂದರೂ ತಪ್ಪಿಲ್ಲ.

ಹಾಗಿದ್ದವರು ಒರಟಾದದ್ದು ಹೇಗೆ? ಒಂದು ಕಾರಣ ಅಭಾವ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಂದ ಪಡಿತರದಿಂದ ಹಿಡಿದು ಮುಂದಿನ ಹಲವು ದಶಕಗಳ ಕಾಲ ಸಕ್ಕರೆ, ಸೀಮೆಎಣ್ಣೆಗಳಿಗೆ ಸಾಲು ನಿಂತ ನೆನಪು ಹಿರಿಯರಿಗೆ ಇದ್ದೇ ಇದೆ. ಆಗಿನ ಮಾತನ್ನೇ ಗಮನಿಸಿ: ‘ಸಕ್ಕರೆ ಕೊಂಡೆ’ ಎನ್ನುತ್ತಿರಲಿಲ್ಲ, ‘ಸಕ್ಕರೆ ಸಿಕ್ಕಿತು’ ಎನ್ನುತ್ತಿದ್ದೆವು. ಸರಕು ಸಿಗುವುದೇ ಭಾಗ್ಯವಾದಾಗ ಕೊಡುವವನು ದೊರೆಯಾಗುತ್ತಾನೆ. ಅಭಾವ ಹೋದ ಮೇಲೂ ಆ ಗತ್ತು ಕೆಲವು ಗಲ್ಲಾಪೆಟ್ಟಿಗೆಗಳ ಹಿಂದೆ ಉಳಿದುಕೊಂಡಿತು.

ಇನ್ನೊಂದು, ಇದಕ್ಕಿಂತ ಆಳವಾದ ಕಾರಣ ಸಾಲದ ಪುಸ್ತಕ. ಉತ್ತರ ಕರ್ನಾಟಕದಲ್ಲಿ ಉದ್ರಿ, ಬೇರೆ ಕಡೆ ಸಾಲ ಅಥವಾ ಕಡ, ಹೆಸರು ಯಾವುದಾದರೂ ವ್ಯವಸ್ಥೆ ಒಂದೇ. ‘ಇಂದು ನಗದು, ನಾಳೆ ಸಾಲ’ ಎಂಬ ಬೋರ್ಡಿನ ಕೆಳಗೇ ಆ ಉದ್ದನೆಯ ಪುಸ್ತಕ ನೇತಾಡುತ್ತಿರುತ್ತದೆ! ಇದರಲ್ಲಿ ದೊಡ್ಡ ಉಪಕಾರವಿದೆ, ಒಪ್ಪಬೇಕು. ಬ್ಯಾಂಕು ಹತ್ತಿರ ಸೇರಿಸದ ಮನೆಗೆ ಪತ್ರವಿಲ್ಲದೆ, ಜಾಮೀನಿಲ್ಲದೆ ತಿಂಗಳಿಡೀ ಅಕ್ಕಿ ಬೇಳೆ ಕೊಡುವವರು ಇವರೇ. 2020ರ ಲಾಕ್‌ಡೌನಿನಲ್ಲಿ ಮಾಲ್‌ಗಳು ಮುಚ್ಚಿದಾಗ ಎಷ್ಟೋ ಬೀದಿಗಳ ಒಲೆ ಉರಿದದ್ದು ಇಂಥ ಅಂಗಡಿಗಳಿಂದ. ಬಾಕಿ ಉಳಿಸಿ ಊರು ಬಿಟ್ಟವರ ನಷ್ಟವನ್ನು ನುಂಗುವವರೂ ಅವರೇ.

ಪುಸ್ತಕದಲ್ಲಿ ಬಡ್ಡಿಯ ಕಲಮು ಇರುವುದಿಲ್ಲ, ನಿಜ. ಆದರೆ ಕೆಲವು ಕಡೆ ಬಡ್ಡಿ ಬೇರೆ ರೂಪದಲ್ಲಿ ವಸೂಲಾಗುತ್ತದೆ. ಮೂಟೆಯ ತಳದ ಬೇಳೆ, ನಗದಿನವರೆಲ್ಲ ಹೋಗುವವರೆಗೆ ಕಾಯಿಸುವುದು, ನಾಲ್ಕು ಜನರ ಮುಂದೆ ಬಾಕಿಯ ಮೊತ್ತ ಓದುವುದು. ಹುಳು ಕಂಡರೂ ಬಾಯಿ ಮುಚ್ಚಿಕೊಂಡಿರುವುದು ಆ ಬಡ್ಡಿಯ ಕೊನೆಯ ಕಂತು. ಚಿಲ್ಲರೆ ಇಲ್ಲವೆಂದು ಚಾಕಲೇಟು ಕೊಡುವ ತಕರಾರನ್ನು 2016ರಲ್ಲಿ ಬಂದ ಯುಪಿಐ ಬಹುಮಟ್ಟಿಗೆ ತೀರಿಸಿತು. ಈ ಬಡ್ಡಿಯನ್ನು ಅದು ತೀರಿಸಲಾರದು.

ಕಾನೂನು ಏನೆನ್ನುತ್ತದೆ? 1986ರ ಡಿಸೆಂಬರ್ 24ರಂದು ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ರಾಷ್ಟ್ರೀಯ ಗ್ರಾಹಕರ ದಿನ ಆಚರಿಸುವುದು ಅದಕ್ಕಾಗಿ. ಅದರ ಜಾಗದಲ್ಲಿ 2019ರ ಕಾಯ್ದೆ 2020ರ ಜುಲೈಯಲ್ಲಿ ಜಾರಿಗೆ ಬಂತು. ಬಿಲ್ ಕೊಡದಿರುವುದನ್ನೂ, ದೋಷವಿರುವ ಸರಕನ್ನು ವಾಪಸು ಪಡೆಯಲು ಒಪ್ಪದಿರುವುದನ್ನೂ ಈ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಬಿಲ್ಲಿನಲ್ಲಿ ಅವಧಿ ನಮೂದಿಸದಿದ್ದರೆ 30 ದಿನಗಳೊಳಗೆ ಹಿಂದಿರುಗಿಸಬಹುದು. ‘ಮಾರಿದ ಸರಕನ್ನು ವಾಪಸು ಪಡೆಯಲಾಗುವುದಿಲ್ಲ’ ಎಂಬ ಬೋರ್ಡನ್ನು ತೋರಿಸಿ ಹುಳು ಹಿಡಿದ ಬೇಳೆಯನ್ನು ನಿಮ್ಮ ತಲೆಗೆ ಕಟ್ಟುವಂತಿಲ್ಲ.

ಇನ್ನೊಂದು ಅಂಶ ಹೆಚ್ಚು ಜನರಿಗೆ ತಿಳಿದಿಲ್ಲ. ‘ಗ್ರಾಹಕ’ ಯಾರೆಂದು ಹೇಳುವಾಗ ಕಾಯ್ದೆ ಹಣ ಕೊಟ್ಟವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೊಡುತ್ತೇನೆಂದು ಮಾತು ಕೊಟ್ಟು ಕೊಂಡವರನ್ನೂ ಹಿಡಿಯುತ್ತದೆ. ಅಂದರೆ ಪುಸ್ತಕದಲ್ಲಿ ಬರೆಸಿ ಒಯ್ದ ಆ ಹೆಂಗಸೂ ನನ್ನಷ್ಟೇ ಪೂರ್ಣ ಗ್ರಾಹಕರು. ಸಾಲ ಹೇಳಿದ ಮಾತ್ರಕ್ಕೆ ಹಕ್ಕು ಅಡವಿಗೆ ಹೋಗುವುದಿಲ್ಲ.

ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಸಲಹೆ ಬೇಕಾದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಆದರೆ ಅರ್ಧ ಕಿಲೋ ಬೇಳೆಗಾಗಿ ಒಂದು ದಿನದ ಕೂಲಿ ಬಿಟ್ಟು ಯಾರು ಆಯೋಗದ ಮೆಟ್ಟಿಲು ಹತ್ತುತ್ತಾರೆ? ಹತ್ತಿದರೂ ಮುಂದಿನ ತಿಂಗಳ ಅಕ್ಕಿ ಕೊಡುವವರು ಯಾರು? ಇಲ್ಲಿ ಕಾನೂನಿಗಿಂತ ಮೊದಲು ಬೇಕಾದದ್ದು ನೆರೆಹೊರೆ.

ಅಂದು ನಾನು ನನ್ನ ಪೊಟ್ಟಣ ಬದಲಿಸಿಕೊಂಡು ಗೆದ್ದವನಂತೆ ಮನೆಗೆ ಬಂದೆ. ಆಕೆಯ ಮಾತು ಕೇಳಿದ ಮೇಲೂ ತಿರುಗಿ ಒಳಗೆ ಹೋಗಲಿಲ್ಲ. ಮಾತಾಡುವ ಅನುಕೂಲ ಇರುವವರು ಕೇಳಬೇಕಾದದ್ದು ಒಂದು ಪೊಟ್ಟಣವನ್ನಲ್ಲ. ‘ಆ ಮೂಟೆಯನ್ನೇ ತೆಗೆದಿಡಿ, ಅದರಿಂದ ಯಾರಿಗೂ ತೂಗಬೇಡಿ’ ಎನ್ನಬೇಕಿತ್ತು.