ಪದವಿಗೆ ಮೊದಲು ಪ್ರಶ್ನೆ

ಬೇಲೂರೆಂದೊಡನೆ ಹೊಯ್ಸಳರ ಶಿಲ್ಪವೈಭವವು ಕಣ್ಮುಂದೆ ಸುಳಿಯುವುದು ಸಹಜ. ಆದರೆ ಧಾರವಾಡದಿಂದ ಬೆಳಗಾವಿಯ ಕಡೆಗೆ ಹೊರಟವರಿಗೆ ಎದುರಾಗುವ ಬೇಲೂರು ಬೇರೆಯೇ. ಇದು ಕೈಗಾರಿಕಾ ಪ್ರದೇಶ. ಐ.ಐ.ಟಿ. 2016ರಲ್ಲಿ ಪಾಠ ಆರಂಭಿಸಿದ್ದು ಇಲ್ಲಿಯ ವಾಲ್ಮಿ ಆವರಣದಲ್ಲಿಯೇ. ಇಲ್ಲಿ ಯಂತ್ರದ ಮುಂದೆ ಪಾಳಿಯುದ್ದಕ್ಕೂ ನಿಂತು ದುಡಿಯುವವರಿದ್ದಾರೆ. ಕುರ್ಚಿ ಬಿಟ್ಟೇಳದೆ ಲೆಕ್ಕ ಬರೆಯುವವರೂ ಇದ್ದಾರೆ. ಇವರಲ್ಲಿ ಯಾರ ಹೃದಯ ಹೆಚ್ಚು ಸುರಕ್ಷಿತ?

ವ್ಯಾಯಾಮ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆಯುವ ಹಂಬಲವುಳ್ಳ ಮಗನೋ ಮಗಳೋ ಮನೆಯಲ್ಲಿದ್ದರೆ, ಯೋಜನೆಯು ಇಂಥದೊಂದು ಪ್ರಶ್ನೆಯಿಂದಲೇ ಆರಂಭವಾಗಬೇಕು. ಹೆಸರಿನ ಹಿಂದೆ ‘ಡಾ.’ ಸೇರಿಸುವ ಆಸೆಯೊಂದೇ ಅಷ್ಟು ವರ್ಷಗಳ ದುಡಿಮೆಗೆ ಸಾಲದು.

ಲಂಡನ್ನಿನ ಜೆರೆಮಿ ಮಾರಿಸ್ ಮತ್ತು ಸಂಗಡಿಗರು ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಪರಿಶೀಲಿಸಿ 1953ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗಿಂತ ಕುಳಿತೇ ಇರುವ ಚಾಲಕರಲ್ಲಿ ಹೃದ್ರೋಗ ಹೆಚ್ಚಾಗಿತ್ತು. ಅಲ್ಲಿಗೇ ಅವರು ತೃಪ್ತರಾಗಲಿಲ್ಲ. 1956ರಲ್ಲಿ ಸಮವಸ್ತ್ರಗಳ ಅಳತೆಯ ದಾಖಲೆಗಳನ್ನು ನೋಡಿದಾಗ, ಚಾಲಕರ ಸೊಂಟದ ಸುತ್ತಳತೆಯೇ ದೊಡ್ಡದೆಂದು ತಿಳಿಯಿತು. ಹಾಗಾದರೆ ಕಾರಣ ಕೆಲಸವೋ, ದೇಹಪ್ರಕೃತಿಯೋ? ತನ್ನ ಉತ್ತರವನ್ನೇ ಹೀಗೆ ಸಂಶಯಿಸಬಲ್ಲವನು ಸಂಶೋಧಕ.

ಪ್ರಶ್ನೆ ದೊರೆಯಿತೆನ್ನೋಣ. ಮುಂದಿನದು ಕಾಲದ ಲೆಕ್ಕ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಗರಿಷ್ಠ ಆರು ವರ್ಷ. ಸ್ನಾತಕೋತ್ತರ ಪದವಿಯವರಿಗೆ ಶೇಕಡಾ 55 ಅಂಕ ಬೇಕು. ನಿಗದಿತ ವರ್ಗಗಳಿಗೆ ಶೇಕಡಾ ಐದು ಅಂಕಗಳ ರಿಯಾಯಿತಿಯಿದೆ. ಮಹಿಳೆಯರಿಗೆ ಎರಡು ವರ್ಷಗಳ ಹೆಚ್ಚುವರಿ ಅವಧಿಯೂ, 240 ದಿನಗಳವರೆಗೆ ಹೆರಿಗೆ ಹಾಗೂ ಶಿಶುಪಾಲನಾ ರಜೆಯೂ ಉಂಟು. ಮದುವೆಯಾದೊಡನೆ ಓದು ಮುಗಿಯಿತೆಂದು ಭಾವಿಸುವ ಹಿರಿಯರು ಇದನ್ನು ಗಮನಿಸಬೇಕು. ಉದ್ಯೋಗದಲ್ಲಿರುವವರು ಮಾಲೀಕರ ಒಪ್ಪಿಗೆ ಪತ್ರ ತಂದು ಅರೆಕಾಲಿಕವಾಗಿ ಅಭ್ಯಸಿಸಬಹುದು; ಆದರೆ ಅಂಚೆಯ ಮೂಲಕ ಅಥವಾ ಆನ್‌ಲೈನಿನಲ್ಲಿ ಪಿಎಚ್.ಡಿ. ನೀಡಲು ಅನುಮತಿಯಿಲ್ಲ.

ಮೂರನೆಯದು ಮಾರ್ಗದರ್ಶಕರ ಆಯ್ಕೆ. ನಮ್ಮಲ್ಲಿ ಈ ವಿಷಯಕ್ಕೆ ಬಹುಮಟ್ಟಿಗೆ ದೈಹಿಕ ಶಿಕ್ಷಣ ವಿಭಾಗವೇ ಹೆಬ್ಬಾಗಿಲು; ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಅಂಥ ವಿಭಾಗವಿದೆ. ಪ್ರಾಧ್ಯಾಪಕರಿಗೆ ಎಂಟು, ಸಹ ಪ್ರಾಧ್ಯಾಪಕರಿಗೆ ಆರು, ಸಹಾಯಕ ಪ್ರಾಧ್ಯಾಪಕರಿಗೆ ನಾಲ್ಕು ಸಂಶೋಧನಾರ್ಥಿಗಳ ಮಿತಿ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ಅರ್ಜಿಗೆ ಮೊದಲೇ ಅವರನ್ನು ಕಂಡು, ಸ್ಥಾನ ಖಾಲಿಯಿದೆಯೇ, ಉಸಿರಾಟ, ನಾಡಿ, ಸ್ನಾಯುಬಲಗಳನ್ನು ಅಳೆಯುವ ಸಾಧನಗಳಿವೆಯೇ ಎಂದು ವಿನಯದಿಂದ ವಿಚಾರಿಸುವುದು ಲೇಸು.

ಇನ್ನೊಂದು ಮಾತು. ಕಾರ್ಖಾನೆಯ ಯಜಮಾನರು ಒಪ್ಪಿದ ಮಾತ್ರಕ್ಕೆ ಕಾರ್ಮಿಕರನ್ನು ಸಾಲಾಗಿ ನಿಲ್ಲಿಸಿ ಮೈ ಅಳೆಯಲಾಗದು. ನೈತಿಕ ಸಮಿತಿಯ ಅನುಮತಿ ಬೇಕು. ಪ್ರತಿಯೊಬ್ಬನಿಗೂ ಅವನ ಭಾಷೆಯಲ್ಲಿಯೇ ವಿವರಿಸಿ ಒಪ್ಪಿಗೆ ಪಡೆಯಬೇಕು. ಒಲ್ಲೆನೆನ್ನುವ ಹಕ್ಕು ಅವನದು. ಈ ಅನುಮತಿಗಳಿಗೆ ತಗಲುವ ತಿಂಗಳುಗಳನ್ನೂ ಯೋಜನೆಯಲ್ಲಿ ಸೇರಿಸಬೇಕು.

“ಯಾವಾಗ ಮುಗಿಯುತ್ತದೆ?” ಎಂದು ತಂದೆತಾಯಿಗಳು ಕೇಳುವುದು ತಪ್ಪಲ್ಲ. ಆದರೆ ಅದಕ್ಕೂ ಮೊದಲು, “ಏನನ್ನು ತಿಳಿಯಹೊರಟಿರುವೆ, ಮಗೂ?” ಎಂದು ಕೇಳಲಿ. ಒಂದೇ ವಾಕ್ಯದಲ್ಲಿ ಸ್ಪಷ್ಟ ಉತ್ತರ ಬಂದರೆ ಅರ್ಜಿ ತುಂಬಬಹುದು. ಬಾರದಿದ್ದರೆ ಇನ್ನಾರು ತಿಂಗಳು ಓದಿ ಯೋಚಿಸಲಿ. ಅದರಿಂದ ನಷ್ಟವೇನೂ ಇಲ್ಲ.