ಬೆನ್ನುಹುರಿಯ ಉದ್ರೇಕ ಮತ್ತು ಅದರ ಅಳತೆ

ಮೊಣಕಾಲಿನ ಎಕ್ಸ್-ರೇ ಚಿತ್ರದಲ್ಲಿ ಕಾಣುವ ಸವೆತಕ್ಕೂ ರೋಗಿಯು ಹೇಳಿಕೊಳ್ಳುವ ಯಾತನೆಗೂ ತಾಳೆಯಾಗದಿರುವುದು ವೈದ್ಯರಿಗೆ ಬಹುಕಾಲದಿಂದ ಪರಿಚಿತವಾದ ಸಂಗತಿ; ಅಲ್ಪ ಸವೆತದವನು ಹಾಸಿಗೆ ಹಿಡಿದು ನರಳುತ್ತಿರುವಾಗ, ಕೀಲು ಪೂರ್ತಿ ಸವೆದವನು ಸಂತೆಗೆ ನಡೆದು ಹೋಗಿ ಬರುವುದುಂಟು. ಈ ವೈಷಮ್ಯಕ್ಕೆ ‘ಎಲ್ಲ ಮನಸ್ಸಿನ ಭ್ರಮೆ’ ಎಂಬ, ಹೇಳುವವನಿಗೆ ಸುಲಭವೂ ಕೇಳುವವನಿಗೆ ಅವಮಾನಕರವೂ ಆದ ಸಮಾಧಾನವನ್ನು ಕೊಟ್ಟು ಕೈತೊಳೆದುಕೊಳ್ಳುವುದು ವಾಡಿಕೆಯಾಗಿದ್ದ ಕಾಲದಲ್ಲಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಕ್ಲಿಫರ್ಡ್ ವೂಲ್ಫ್ ಎಂಬ ವಿಜ್ಞಾನಿ 1983ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನವನ್ನು ಪ್ರಕಟಿಸಿದರು.

ಅವರು ಗಮನಿಸಿದ್ದು, ನೋವಾದಾಗ ಇಲಿಯ ಹಿಂಗಾಲನ್ನು ಸೆಳೆದುಕೊಳ್ಳುವಂತೆ ಮಾಡುವ ಬೆನ್ನುಹುರಿಯ ನರಕೋಶಗಳನ್ನು. ಮೊದಲು ಬೆರಳನ್ನು ಬಲವಾಗಿ ಚಿವುಟಿದರೆ ಮಾತ್ರ ಸ್ಪಂದಿಸುತ್ತಿದ್ದ ಆ ಕೋಶಗಳು, ಪಾದಕ್ಕೆ ಸುಟ್ಟ ಗಾಯವಾದ ತರುವಾಯ, ಗಾಯದ ಎಲ್ಲೆಯಾಚೆಯ ಆರೋಗ್ಯವಾದ ಚರ್ಮವನ್ನು ಮೆಲ್ಲನೆ ಸವರಿದರೂ ಕೆರಳತೊಡಗಿದವು. ಗಾಯದ ಸ್ಥಳಕ್ಕೆ ಮರಗಟ್ಟಿಸುವ ಮದ್ದನ್ನು ಚುಚ್ಚಿ, ಅಲ್ಲಿಂದ ಬರುವ ವಾರ್ತೆಯನ್ನು ತಡೆದರೂ ಈ ಉದ್ರೇಕವು ಒಡನೆಯೇ ಶಮನವಾಗಲಿಲ್ಲ. ಆದುದರಿಂದ ಬದಲಾವಣೆಯು ಕೇವಲ ಪಾದದಲ್ಲಿ ಅಲ್ಲ, ಬೆನ್ನುಹುರಿಯಲ್ಲಿಯೂ ಆಗಿದ್ದಿತು. ನೋವಿನ ತಂತುಗಳು ಒಂದೇ ಸಮನೆ ಬಡಿಯುತ್ತಿದ್ದರೆ, ಎನ್‌ಎಂಡಿಎ ಎಂಬ ಗ್ರಾಹಿಯ ದ್ವಾರಕ್ಕೆ ಬೆಣೆಯಾಗಿ ಕುಳಿತ ಮೆಗ್ನೀಷಿಯಮ್ ಕಳಚಿಹೋಗಿ, ಕ್ಯಾಲ್ಸಿಯಮ್ ಒಳನುಗ್ಗಿ, ಮುಂದಿನ ವಾರ್ತೆ ಎಷ್ಟೇ ಕ್ಷೀಣವಾಗಿದ್ದರೂ ಅದನ್ನು ಹಿಗ್ಗಿಸಿ ಹೇಳುವ ಸ್ವಭಾವವು ಆ ಕೋಶಕ್ಕೆ ಬರುತ್ತದೆಂಬುದು ಈಗ ತಿಳಿದಿದೆ. ಇದೇ ಸೆಂಟ್ರಲ್ ಸೆನ್ಸಿಟೈಸೇಷನ್, ಎಂದರೆ ಕೇಂದ್ರೀಯ ಸಂವೇದನಾಧಿಕ್ಯ.

ನೋವಿನ ಅಧ್ಯಯನಕ್ಕಾಗಿಯೇ ಇರುವ ಅಂತರರಾಷ್ಟ್ರೀಯ ಸಂಘವು ಇದಕ್ಕೆ ಕೊಟ್ಟಿರುವ ಲಕ್ಷಣವು ನಿಷ್ಕೃಷ್ಟವಾದುದು: ಸಾಮಾನ್ಯವಾದ, ಅಥವಾ ಸಾಮಾನ್ಯವಾಗಿ ಸ್ಪಂದನ ಹುಟ್ಟಿಸಲಾರದಷ್ಟು ಅಲ್ಪವಾದ ಪ್ರಚೋದನೆಗೂ ಕೇಂದ್ರ ನರಮಂಡಲದ ನೋವುಗ್ರಾಹಿ ನರಕೋಶಗಳು ಅಧಿಕವಾಗಿ ಸ್ಪಂದಿಸುವುದು. ತೊಡಕು ಇಲ್ಲಿಯೇ ಇದೆ. ಲಕ್ಷಣವು ನರಕೋಶವನ್ನು ಕುರಿತದ್ದು. ಚಿಕಿತ್ಸಾಲಯಕ್ಕೆ ಬರುವವನಾದರೋ ಮನುಷ್ಯ. ಅವನ ಬೆನ್ನುಹುರಿಗೆ ಸೂಜಿಯ ವಿದ್ಯುದ್ವಾರವನ್ನು ಇಳಿಸಿ ನೋಡಲು ಸಾಧ್ಯವಿಲ್ಲವಾದ್ದರಿಂದ ಒಳಗಿನ ಸ್ಥಿತಿಯನ್ನು ಹೊರಗಿನಿಂದ, ಅದೂ ಅವನ ಬಾಯಿಮಾತಿನಿಂದ, ಊಹಿಸಬೇಕಾಗುತ್ತದೆ.

ಊಹೆಯ ಉಪಕರಣಗಳು ಸರಳವಾದವು. ಆಲ್ಗೋಮೀಟರ್ ಎಂಬ ಒತ್ತಡಮಾಪಕದ ತುದಿಯಲ್ಲಿ 1 ಚದರ ಸೆಂಟಿಮೀಟರಿನ ರಬ್ಬರ್ ಗುಂಡಿಯೊಂದಿದೆ. ಅದನ್ನು ಚರ್ಮದ ಮೇಲೆ ಲಂಬವಾಗಿಟ್ಟು ಸಮವೇಗದಿಂದ ಒತ್ತುತ್ತ ಹೋಗಬೇಕು, ‘ಇದು ಬರಿಯ ಒತ್ತಡವಲ್ಲ, ನೋವು’ ಎಂದು ರೋಗಿಗೆ ತೋರಿದ ಕ್ಷಣದಲ್ಲಿ ನಿಲ್ಲಿಸಿ ಅಂಕಿಯನ್ನು ಓದಬೇಕು. ನೋಯುವ ಮೊಣಕಾಲಿನಲ್ಲಿ ಈ ಅಂಕಿ ಕೆಳಗಿದ್ದರೆ ಆಶ್ಚರ್ಯವೇನೂ ಇಲ್ಲ. ಯಾವ ರೋಗವೂ ಇಲ್ಲದ ಮುಂದೋಳಿನಲ್ಲಿಯೂ ಅದು ಕೆಳಗಿದ್ದರೆ, ದೋಷವು ಮೊಣಕಾಲಿಗೆ ಮಾತ್ರ ಸೀಮಿತವಲ್ಲವೆಂಬ ಸಂಶಯಕ್ಕೆ ಆಧಾರ ದೊರೆಯುತ್ತದೆ. ಎರಡನೆಯ ಪರೀಕ್ಷೆಯಲ್ಲಿ ಮೊನಚಾದ ಕಡ್ಡಿಯಿಂದ ಒಮ್ಮೆ ಚುಚ್ಚಿ, ಬಳಿಕ ಅದೇ ಬಲದಿಂದ ಸೆಕೆಂಡಿಗೊಂದರಂತೆ ಹತ್ತು ಸಲ ಚುಚ್ಚಿ, ನೋವು ಎಷ್ಟು ಪಟ್ಟು ಏರಿತೆಂದು ಕೇಳುತ್ತಾರೆ; 1966ರಲ್ಲಿ ಲೋರ್ನ್ ಮೆಂಡೆಲ್ ಬೆಕ್ಕಿನ ಬೆನ್ನುಹುರಿಯಲ್ಲಿ ವರ್ಣಿಸಿದ ‘ವೈಂಡ್-ಅಪ್’ ಎಂಬ ಏರಿಕೆಗೆ ಇದು ಮನುಷ್ಯರಲ್ಲಿನ ಪ್ರತಿರೂಪ. ಮೂರನೆಯದರಲ್ಲಿ ಒಂದು ಕೈಯನ್ನು ಮಂಜಿನಂತಹ ನೀರಿನಲ್ಲಿ ಅದ್ದಿಸಿ, ಬೇರೆಡೆ ಒತ್ತಿ ನೋಡುತ್ತಾರೆ. ಒಂದು ನೋವು ಇನ್ನೊಂದನ್ನು ತಗ್ಗಿಸುವುದು ಆರೋಗ್ಯವಂತರಲ್ಲಿ ಸಾಮಾನ್ಯ. ಫೈಬ್ರೋಮಯಾಲ್ಜಿಯಾದಂತಹ ವ್ಯಾಧಿಗಳುಳ್ಳ ಅನೇಕರಲ್ಲಿ ಈ ತಗ್ಗಿಸುವ ಶಕ್ತಿ ಕುಂದಿರುತ್ತದೆ.

ಇಷ್ಟು ಶ್ರಮಪಡಲು ಪುರುಸೊತ್ತಿಲ್ಲದ ಚಿಕಿತ್ಸಾಲಯಗಳಿಗಾಗಿ 2012ರಲ್ಲಿ ಒಂದು ಪ್ರಶ್ನಾವಳಿ ಹೊರಬಂದಿತು. ಪ್ರಶ್ನೆಗಳು 25, ಪ್ರತಿಯೊಂದಕ್ಕೂ 0ಯಿಂದ 4ರವರೆಗೆ ಅಂಕ, ಮೊತ್ತ 40 ಅಥವಾ ಹೆಚ್ಚಾದರೆ ಸಂವೇದನಾಧಿಕ್ಯವನ್ನು ಶಂಕಿಸಬಹುದೆಂಬ ನಿಯಮ. ನಿದ್ರೆ, ತಲೆನೋವು, ಏಕಾಗ್ರತೆ, ಆತಂಕ, ಇವೆಲ್ಲವನ್ನೂ ಅದು ವಿಚಾರಿಸುತ್ತದೆ. ಆದರೆ ಈ ಅಂಕಗಳು ಆಲ್ಗೋಮೀಟರಿನ ಅಂಕಿಗಳಿಗಿಂತ ಆತಂಕ ಮತ್ತು ಖಿನ್ನತೆಗಳ ಅಳತೆಗಳೊಡನೆಯೇ ಹೆಚ್ಚು ನಿಕಟವಾಗಿ ಹೊಂದುತ್ತವೆಯೆಂದು ಅಧ್ಯಯನಗಳು ತೋರಿಸಿವೆ. ಹಗ್ಗದ ಒದ್ದೆಯನ್ನು ಕಂಡು ಬಾವಿಯ ನೀರನ್ನು ಅಂದಾಜುಮಾಡಬಹುದು, ನಿಜ. ಮಳೆಯಲ್ಲಿ ನೆನೆದ ಹಗ್ಗದಿಂದ ಏನು ತಿಳಿದೀತು? ಪ್ರಶ್ನಾವಳಿಯು ರೋಗಿಯ ಕಷ್ಟವನ್ನು ಕಂಡುಕೊಳ್ಳಲು ಉಪಯುಕ್ತವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಅದಕ್ಕೆ ಬೆನ್ನುಹುರಿಯ ಮಾಪಕವೆಂಬ ಪದವಿಯನ್ನು ಕೊಡುವುದು ಮಾತ್ರ ಅತಿಶಯ. ಈ ಬಗೆಯ ಸಡಿಲತೆ ಹೆಸರುಗಳಲ್ಲಿಯೂ ಉಂಟು. ಅಂಗಾಂಶಕ್ಕಾಗಲಿ ನರಕ್ಕಾಗಲಿ ಆದ ಹಾನಿಯಿಂದ ವಿವರಿಸಲಾಗದ ನೋವಿಗೆ ಅದೇ ಸಂಘವು 2017ರಲ್ಲಿ ‘ನೊಸಿಪ್ಲಾಸ್ಟಿಕ್’ ಎಂಬ ಹೆಸರನ್ನು ಅಂಗೀಕರಿಸಿತು; ಅದು ನೋವಿನ ಒಂದು ವರ್ಗ, ಸಂವೇದನಾಧಿಕ್ಯವಾದರೋ ಒಂದು ಕ್ರಿಯಾವಿಧಾನ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವವರು ಈಗಲೂ ಇದ್ದಾರೆ.

ಕೇಂದ್ರದಲ್ಲಿ ದೋಷವೆಂದ ಮಾತ್ರಕ್ಕೆ ಕೀಲು ನಿರ್ದೋಷಿಯೆಂದು ತೀರ್ಮಾನಿಸುವುದೂ ಸರಿಯಲ್ಲ. ಸೊಂಟದ ಕೀಲು ಸವೆದು ನರಳುತ್ತಿದ್ದ ರೋಗಿಗಳನ್ನು ಸ್ವೀಡನ್ನಿನ ಕೊಸೆಕ್ ಮತ್ತು ಊರ್ಡೆಬೆರ್ಗ್ ಪರೀಕ್ಷಿಸಿ 2000ದಲ್ಲಿ ಫಲವನ್ನು ಪ್ರಕಟಿಸಿದರು: ಶಸ್ತ್ರಚಿಕಿತ್ಸೆಗೆ ಮುನ್ನ ನೋವಿನಿಂದ ನೋವನ್ನು ತಗ್ಗಿಸುವ ಶಕ್ತಿಯನ್ನು ಕಳೆದುಕೊಂಡಿದ್ದವರಲ್ಲಿ, ಕೀಲನ್ನು ಬದಲಾಯಿಸಿ ಆ ನೋವು ಅಡಗಿದ ಮೇಲೆ, ಅದೇ ಶಕ್ತಿ ಮರಳಿ ಬಂದಿತ್ತು.